ತೂಕ ಇಳಿಸಿದ ಗಂಡಸರಿಗೆ ದುಡ್ಡು: ಕಾರ್ಖಾನೆಯಲ್ಲಿ ಯೋಜನೆ ಹೇಗೆ ಕಟ್ಟಬೇಕು?

ಮೂರನೇ_ಶಿಫ್ಟ್ ಕೇಳಿದ್ದು:

ಬೆಂಗಳೂರಿನ ಹೊರವಲಯದ ಒಂದು ಬಿಡಿಭಾಗಗಳ ಕಾರ್ಖಾನೆ. ಮೂರು ಶಿಫ್ಟು, 210 ಕೆಲಸಗಾರರು, ಹೆಚ್ಚುಕಡಿಮೆ ಎಲ್ಲರೂ ಗಂಡಸರು. ವಾರ್ಷಿಕ ತಪಾಸಣೆಯಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆ) 27.5 ದಾಟಿದವರು 45 ಜನ. ಇವರು ತೂಕ ಇಳಿಸಿದರೆ ಪ್ರೋತ್ಸಾಹಧನ ಕೊಡೋಣ ಎಂದು ಆಡಳಿತದವರು 2 ಲಕ್ಷ ರೂಪಾಯಿ ತೆಗೆದಿಟ್ಟಿದ್ದಾರೆ.

ಸದ್ಯಕ್ಕೆ ಬರೆದಿಟ್ಟಿರುವ ಯೋಜನೆ ಇಷ್ಟು: ಮೂರು ತಿಂಗಳ ಸ್ಪರ್ಧೆ. ಅತಿ ಹೆಚ್ಚು ಕೆ.ಜಿ. ಇಳಿಸಿದ ಮೂವರಿಗೆ 50, 30, 20 ಸಾವಿರ. ಉಳಿದ ಒಂದು ಲಕ್ಷದಲ್ಲಿ ಎರಡು ಟ್ರೆಡ್‌ಮಿಲ್. ವಾರವಾರದ ತೂಕ ವಾಟ್ಸಾಪ್ ಗ್ರೂಪಿನಲ್ಲಿ, ಪಟ್ಟಿ ನೋಟಿಸ್ ಬೋರ್ಡಿನಲ್ಲಿ.

ಕೇಳಬೇಕಾದ್ದು ಮೂರು. ದುಡ್ಡು ಕೊಟ್ಟರೆ ನಿಜಕ್ಕೂ ತೂಕ ಇಳಿಯುತ್ತದೆಯೇ, ಇಳಿದದ್ದು ಉಳಿಯುತ್ತದೆಯೇ? ತಲೆಗೆ ಎಷ್ಟು, ಯಾವಾಗ ಕೊಡಬೇಕು? ಮೋಸ ಹೇಗೆ ತಡೆಯುವುದು?

---

ಅಂಕಿಸಂತೆ:

ಮೊದಲ ಮೂವರಿಗೆ ಬಹುಮಾನ ಅನ್ನುವುದನ್ನು ಇವತ್ತೇ ಹೊಡೆದು ಹಾಕಿ. ಆರನೇ ವಾರಕ್ಕೆ ಯಾರು ಮುಂದಿದ್ದಾರೆ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಉಳಿದ ನಲವತ್ತು ಜನಕ್ಕೆ ಆ ದುಡ್ಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮುಂದಿರುವ ನಾಲ್ಕೈದು ಜನ ಕೊನೆಯ ವಾರ ಉಪವಾಸ ಬಿದ್ದು, ಬೆವರು ಹರಿಸಿ, ತಕ್ಕಡಿ ಹತ್ತುತ್ತಾರೆ. ಕೆ.ಜಿ. ಲೆಕ್ಕವಂತೂ ಶುದ್ಧ ಅನ್ಯಾಯ: 120 ಕೆ.ಜಿ. ಇರುವವನಿಗೆ ಆರು ಕೆ.ಜಿ. ಅಂದರೆ ಶೇ. 5, 80 ಇರುವವನಿಗೆ ಶೇ. 7.5. ಪ್ರತಿಯೊಬ್ಬನಿಗೂ ಅವನ ಮೊದಲ ತೂಕದ ಶೇಕಡಾವಾರು ಗುರಿ ಇರಬೇಕು, ಇನ್ನೊಬ್ಬನ ಜೊತೆ ಪೈಪೋಟಿ ಇರಬಾರದು.

ದುಡ್ಡು ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಗಂಡಸರ ಮೇಲೆಯೇ ನಡೆದ ಒಳ್ಳೆಯ ಪ್ರಯೋಗ ಒಂದಿದೆ: ಬ್ರಿಟನ್ನಿನ 'ಗೇಮ್ ಆಫ್ ಸ್ಟೋನ್ಸ್'. ಸ್ಟೋನ್ ಅಂದರೆ ಅಲ್ಲಿನವರು ಈಗಲೂ ಮೈತೂಕ ಹೇಳುವ ಹಳೆಯ ಅಳತೆ, 6.35 ಕೆ.ಜಿ. ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಪ್ಯಾಟ್ ಹಾಡಿನಾಟ್ ಅವರ ತಂಡ ಬೆಲ್‌ಫಾಸ್ಟ್, ಬ್ರಿಸ್ಟಲ್, ಗ್ಲಾಸ್ಗೋ ಸುತ್ತಮುತ್ತ 585 ಗಂಡಸರನ್ನು ಸೇರಿಸಿಕೊಂಡಿತು. ಎಲ್ಲರ ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚು, ಸರಾಸರಿ ವಯಸ್ಸು 51ರ ಆಸುಪಾಸು, ಸರಾಸರಿ ತೂಕ ಸುಮಾರು 119 ಕೆ.ಜಿ. ಫಲಿತಾಂಶ 2024ರ ಮೇನಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಮೂರು ಗುಂಪು. ಒಂದಕ್ಕೆ ವರ್ಷವಿಡೀ ದಿನಕ್ಕೊಂದು ಎಸ್ಸೆಮ್ಮೆಸ್ಸು ಮತ್ತು ದುಡ್ಡು. ಇನ್ನೊಂದಕ್ಕೆ ಎಸ್ಸೆಮ್ಮೆಸ್ಸು ಮಾತ್ರ. ಮೂರನೆಯದಕ್ಕೆ ಸದ್ಯಕ್ಕೆ ಎರಡೂ ಇಲ್ಲ. ದುಡ್ಡಿನ ಗುಂಪಿಗೆ ಮೊದಲ ದಿನವೇ "ನಿಮ್ಮ ಹೆಸರಲ್ಲಿ 400 ಪೌಂಡ್ ಇದೆ" ಎಂದು ಹೇಳಿದರು. ಮೂರು ತಿಂಗಳಿಗೆ ಶೇ. 5 ಇಳಿಸದಿದ್ದರೆ ಅದರಲ್ಲಿ 50 ಹೋಯಿತು. ಆರು ತಿಂಗಳಿಗೆ ಶೇ. 10ರ ಗುರಿ, ಪಣ 150. ಹನ್ನೆರಡು ತಿಂಗಳಿಗೆ ಆ ಶೇ. 10 ಉಳಿದಿರಬೇಕು, ಪಣ 200. ಉಳಿದ ದುಡ್ಡು ಕೈಗೆ ಬರುವುದು ವರ್ಷದ ಕೊನೆಗೆ. ಡಯಟ್ ಕ್ಲಾಸ್ ಇಲ್ಲ, ಜಿಮ್ ಇಲ್ಲ, ಹೆಜ್ಜೆ ಎಣಿಸುವ ಒಂದು ಪೆಡೋಮೀಟರ್ ಮತ್ತು ಓದಿಕೊಳ್ಳಲು ಮಾಹಿತಿ, ಅಷ್ಟೇ.

ವರ್ಷದ ಕೊನೆಗೆ ದುಡ್ಡಿನ ಗುಂಪು ಸರಾಸರಿ ಶೇ. 4.8 ಇಳಿಸಿತ್ತು. ಬರೀ ಎಸ್ಸೆಮ್ಮೆಸ್ಸಿನವರು ಶೇ. 2.7, ಏನೂ ಸಿಗದವರು ಶೇ. 1.3. ದುಡ್ಡಿನ ಗುಂಪಿಗೂ ಏನೂ ಸಿಗದವರಿಗೂ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆ ದಾಟಿತು (ಬರೀ ಆಕಸ್ಮಿಕ ಅನ್ನಲಾಗದು), ಬರೀ ಎಸ್ಸೆಮ್ಮೆಸ್ಸಿನದು ದಾಟಲಿಲ್ಲ. ಕೊನೆಯ ತೂಕಕ್ಕೆ ಬಂದವರು 585ರಲ್ಲಿ 426.

ನಿಮ್ಮ ಬಜೆಟ್ಟಿಗೆ ಮುಖ್ಯವಾದ ಅಂಕಿ ಬೇರೆ. 400 ಪೌಂಡ್ ಪಣದಲ್ಲಿ ಒಬ್ಬೊಬ್ಬರಿಗೆ ಸರಾಸರಿ ಸಂದದ್ದು ಸುಮಾರು 128, ಅಂದರೆ ಮೂರನೇ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ 2 ಲಕ್ಷವನ್ನು 45ರಿಂದ ಭಾಗಿಸಿ "ತಲೆಗೆ 4,444" ಅನ್ನಬೇಡಿ. ತಲೆಗೆ 6,000 ಘೋಷಿಸಿ. ಎಲ್ಲರೂ ಪೂರ್ತಿ ಗೆದ್ದರೆ 2.7 ಲಕ್ಷ ಆಗುತ್ತದೆ, ಆದರೆ ಹಾಗೆ ಆಗುವುದಿಲ್ಲ. ಬ್ರಿಟನ್ನಿನ ಲೆಕ್ಕದಲ್ಲೇ ಹೋದರೆ 86 ಸಾವಿರದ ಸುಮಾರು, ಅದರ ದುಪ್ಪಟ್ಟು ಗೆದ್ದರೂ 1.73 ಲಕ್ಷ. ಅಲ್ಲಿನ 50, 150, 200ರ ಪ್ರಮಾಣವನ್ನೇ ಇಟ್ಟುಕೊಂಡರೆ ನಿಮ್ಮಲ್ಲಿ ಮೂರನೇ ತಿಂಗಳಿಗೆ 750, ಆರನೇ ತಿಂಗಳಿಗೆ 2,250, ಹನ್ನೆರಡನೇ ತಿಂಗಳಿಗೆ 3,000. ದೊಡ್ಡ ಪಾಲು ಕೊನೆಗೇ ಇರಲಿ. ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸುವುದು ಕಷ್ಟ. ಟ್ರೆಡ್‌ಮಿಲ್ ಬಿಡಿ, ಮೂರು ತಿಂಗಳಲ್ಲಿ ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ.

ಮೂರು ತಿಂಗಳ ಯೋಜನೆ ಯಾಕೆ ಸಾಲದು ಎಂಬುದಕ್ಕೆ 2008ರ ಫಿಲಡೆಲ್ಫಿಯಾ ಪ್ರಯೋಗ ನೋಡಿ. 57 ಜನ, 16 ವಾರ, ವಾರಕ್ಕೆ ಒಂದು ಪೌಂಡ್ (ಇಲ್ಲಿ ದುಡ್ಡಲ್ಲ, ತೂಕ; ಸುಮಾರು 450 ಗ್ರಾಂ) ಇಳಿಸುವ ಗುರಿ. ಒಂದು ಗುಂಪು ದಿನಕ್ಕೆ ಮೂರು ಡಾಲರ್‌ವರೆಗೆ ತನ್ನದೇ ದುಡ್ಡು ಕಟ್ಟಬೇಕು, ಗುರಿ ತಲುಪಿದರೆ ಅದಕ್ಕೆ ಸಮನಾದದ್ದು ಸೇರಿ ವಾಪಸ್. ಇನ್ನೊಂದು ಗುಂಪಿಗೆ ದಿನದ ಲಾಟರಿ. ಎರಡೂ ಗುಂಪು 13-14 ಪೌಂಡ್ ಇಳಿಸಿದವು, ದುಡ್ಡಿಲ್ಲದ ಗುಂಪು 4. ಭರ್ಜರಿ ಅನ್ನಿಸುತ್ತದೆ. ದುಡ್ಡು ನಿಂತು ಕೆಲವು ತಿಂಗಳ ಮೇಲೆ ಮತ್ತೆ ತೂಗಿದಾಗ ಗುಂಪುಗಳ ನಡುವೆ ಲೆಕ್ಕಕ್ಕೆ ಸಿಗುವ ವ್ಯತ್ಯಾಸವೇ ಇರಲಿಲ್ಲ.

ದುಡ್ಡು ಯಾವ ರೂಪದಲ್ಲಿ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ಜಾಲದ 197 ನೌಕರರಿಗೆ ಶೇ. 5 ಇಳಿಸಿದರೆ ಆರೋಗ್ಯ ವಿಮೆಯ ಕಂತಿನಲ್ಲಿ 550 ಡಾಲರ್ ರಿಯಾಯಿತಿ ಎಂದರು. ಮೊತ್ತವೇನೂ ಸಣ್ಣದಲ್ಲ. ತೂಕ ಮಾತ್ರ ಅಲ್ಲಾಡಲಿಲ್ಲ. ಸಂಬಳದ ಚೀಟಿಯ ಯಾವುದೋ ಸಾಲಿನಲ್ಲಿ ಕರಗಿಹೋದ ದುಡ್ಡು ಕಣ್ಣಿಗೆ ಬೀಳುವುದಿಲ್ಲ, ಇನ್ನು ಕಾಲಿಗೆ ಚಪ್ಪಲಿ ಹಾಕಿಸಿ ನಡೆಸುವುದು ಎಲ್ಲಿಂದ ಬಂತು.

ಅದಕ್ಕೇ ಪಾಸ್‌ಬುಕ್ಕಿನಂಥ ಒಂದು ಕಾರ್ಡು ಅಚ್ಚು ಹಾಕಿಸಿ. ಮೊದಲ ಸಾಲಿನಲ್ಲೇ "ಜಮೆ: 6,000". ಗುರಿ ತಪ್ಪಿದರೆ ಆ ದಿನವೇ ಅವನ ಎದುರಿಗೇ ಖರ್ಚಿನ ಕಾಲಂನಲ್ಲಿ ಬರೆಯಿರಿ. ಸಿಗಬಹುದಾದ ಸಾವಿರಕ್ಕಿಂತ ಕೈತಪ್ಪಿದ ಸಾವಿರ ಹೆಚ್ಚು ಚುಚ್ಚುತ್ತದೆ.

ಕೆಲಸಗಾರರಿಂದಲೇ ಠೇವಣಿ ಕಟ್ಟಿಸಬೇಡಿ. ಅಮೆರಿಕದಲ್ಲಿ ಸಿಗರೇಟು ಬಿಡಿಸುವ ಒಂದು ದೊಡ್ಡ ಪ್ರಯೋಗದಲ್ಲಿ (2015) ಬರೀ ಬಹುಮಾನದ ಯೋಜನೆಗೆ ಶೇ. 90 ಜನ ಒಪ್ಪಿದರು, 150 ಡಾಲರ್ ಠೇವಣಿ ಇಡಬೇಕು ಎಂದಾಗ ಒಪ್ಪಿದವರು ಶೇ. 14 ಮಾತ್ರ. ಠೇವಣಿ ಚುರುಕಾದ ಔಷಧಿ ಇರಬಹುದು, ಕುಡಿಯುವವರು ಬೇಕಲ್ಲ.

---

ಕಾರ್ಮಿಕ_ವೈದ್ಯ:

ಮೇಲಿನವರ ಚೌಕಟ್ಟಿಗೆ ನನ್ನ ಒಪ್ಪಿಗೆ ಇದೆ, ಶೇ. 10ರ ಗುರಿಗೆ ಇಲ್ಲ. ಬ್ರಿಟನ್ ಪ್ರಯೋಗದವರ ಸರಾಸರಿ ಬಿಎಂಐ 37ರ ಮೇಲಿತ್ತು. ನಿಮ್ಮ 45 ಜನರಲ್ಲಿ ಬಹುತೇಕರು 28-31ರ ನಡುವೆ ಇರುತ್ತಾರೆ. 168 ಸೆಂ.ಮೀ. ಎತ್ತರ, 85 ಕೆ.ಜಿ. ತೂಕದವನ ಬಿಎಂಐ 30.1. ಅವನು ಶೇ. 7 ಇಳಿಸಿದರೆ 79 ಕೆ.ಜಿ., ಬಿಎಂಐ 28. ಸಕ್ಕರೆ ಕಾಯಿಲೆ ತಡೆಯುವ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಇಟ್ಟಿದ್ದ ಗುರಿಯೂ ಶೇ. 7, ಅಲ್ಲಿ ಜೀವನಶೈಲಿ ಬದಲಿಸಿದವರಲ್ಲಿ ಡಯಾಬಿಟೀಸ್ ಬರುವುದು ಶೇ. 58 ಕಡಿಮೆಯಾಗಿತ್ತು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಕಾರಣಕ್ಕೇ ಭಾರತದ ವೈದ್ಯರು ಬಿಎಂಐ 23ರಿಂದಲೇ ಹೆಚ್ಚು ತೂಕ ಎಂದು ಎಣಿಸುವುದು, ಗಂಡಸರ ಸೊಂಟ 90 ಸೆಂ.ಮೀ. ದಾಟಬಾರದು ಎನ್ನುವುದು.

ಹಾಗಾಗಿ ಮೂರನೇ ತಿಂಗಳಿಗೆ ಶೇ. 3.5, ಆರಕ್ಕೆ ಶೇ. 7, ಹನ್ನೆರಡಕ್ಕೆ ಅದೇ ಶೇ. 7 ಉಳಿದಿರಬೇಕು. ಆರು ಮತ್ತು ಹನ್ನೆರಡನೇ ತಿಂಗಳಲ್ಲಿ 'ಎಲ್ಲಾ ಅಥವಾ ಏನೂ ಇಲ್ಲ' ಬೇಡ. ಶೇ. 6.8 ಇಳಿಸಿದವನಿಗೆ ಸೊನ್ನೆ ಕೊಟ್ಟರೆ ಅವನು ಅದೇ ಸಂಜೆ ಬಿರಿಯಾನಿಗೆ ಹೋಗುತ್ತಾನೆ, ವಾಪಸ್ ಬರುವುದಿಲ್ಲ. ಶೇ. 2ರವರೆಗೆ ಏನೂ ಇಲ್ಲ, ಯಾಕೆಂದರೆ 85 ಕೆ.ಜಿ.ಯವನಿಗೆ ಅದು 1.7 ಕೆ.ಜಿ., ದಿನದಿಂದ ದಿನಕ್ಕೆ ನೀರು-ಉಪ್ಪು-ಹೊಟ್ಟೆಯಲ್ಲಿದ್ದದ್ದರಿಂದಲೇ ಅಷ್ಟು ಏರುಪೇರಾಗುತ್ತದೆ. ಅಲ್ಲಿಂದ ಶೇ. 7ರವರೆಗೆ ಅರ್ಧರ್ಧ ಶೇಕಡಾದ ಹತ್ತು ಮೆಟ್ಟಿಲು. ಆರನೇ ತಿಂಗಳಲ್ಲಿ ಮೆಟ್ಟಿಲಿಗೆ 225, ಹನ್ನೆರಡನೇ ತಿಂಗಳಲ್ಲಿ 300. ಗುರಿ ಸಡಿಲವಾದ್ದರಿಂದ ದುಡ್ಡು ಹೆಚ್ಚು ಹೋಗುತ್ತದೆ, ಶೇ. 60 ಸಂದಾಯವಾಗುತ್ತದೆ ಎಂದಿಟ್ಟುಕೊಳ್ಳಿ. ಆಗ 1.62 ಲಕ್ಷ. ಇನ್ನೂ 38 ಸಾವಿರ ತಕ್ಕಡಿಗೆ, ಪರೀಕ್ಷೆಗೆ ಉಳಿಯುತ್ತದೆ. ಶೇ. 7 ದಾಟಿದರೆ ಹೆಚ್ಚುವರಿ ಒಂದು ಪೈಸೆಯೂ ಬೇಡ. ಅತಿಗೆ ಆಸೆ ತೋರಿಸಬಾರದು.

ಈಗ ಯಾರನ್ನು ಮೊದಲು ವೈದ್ಯರ ಹತ್ತಿರ ಕಳಿಸಬೇಕು ಎಂಬುದು. ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವನು ಊಟ ಅರ್ಧ ಮಾಡಿ ಮಾತ್ರೆ ಅಷ್ಟೇ ನುಂಗಿದರೆ ಸಕ್ಕರೆ ಕುಸಿಯುತ್ತದೆ. ಲೇತ್ ಮುಂದೆ, ಫೋರ್ಕ್‌ಲಿಫ್ಟ್ ಮೇಲೆ ಅದು ಆಗಬಾರದು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರದ್ದೂ ಪ್ರಮಾಣ ನೋಡಬೇಕು. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸುರಕ್ಷಿತ. ವಾರಗಟ್ಟಲೆ ಒಂದೂವರೆ ಕೆ.ಜಿ. ಮೀರಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚುತ್ತದೆ.

ಇನ್ನೊಂದನ್ನು ಇಂಥ ಯೋಜನೆ ಮಾಡುವವರು ಮರೆಯುವುದೇ ಹೆಚ್ಚು. ಏನೂ ಮಾಡದೆ ತೂಕ ಇಳಿಯುತ್ತಿರುವವನು. ಕ್ಷಯ, ಹತೋಟಿ ತಪ್ಪಿದ ಸಕ್ಕರೆ, ಥೈರಾಯ್ಡ್, ಕ್ಯಾನ್ಸರ್, ಯಾವುದೂ ಇರಬಹುದು. ಯೋಜನೆಯಲ್ಲಿ ಇದ್ದರೆ ಎಲ್ಲರೂ ಬೆನ್ನು ತಟ್ಟುತ್ತಾರೆ, ಅವನೂ ಸುಮ್ಮನಿರುತ್ತಾನೆ. ಪ್ರತಿ ತೂಕದ ದಿನ ನರ್ಸ್ ಎರಡೇ ಪ್ರಶ್ನೆ ಕೇಳಲಿ: "ಹೇಗೆ ಇಳಿಸಿದ್ರಿ?" "ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ರಾತ್ರಿ ಬೆವರು, ವಿಪರೀತ ಬಾಯಾರಿಕೆ ಇದೆಯಾ?" ಮೊದಲ ಪ್ರಶ್ನೆಗೆ ಉತ್ತರ ಬರದಿದ್ದರೆ ಕಫ ಪರೀಕ್ಷೆ, ಸಕ್ಕರೆ ಪರೀಕ್ಷೆ.

ತೂಕ ಇಳಿಸುವ ಇಂಜೆಕ್ಷನ್ ವಿಷಯವನ್ನೂ ಮೊದಲೇ ಬರೆದಿಡಿ. 2025ರಲ್ಲಿ ಮೌಂಜಾರೋ, ವೆಗೋವಿ ಎರಡೂ ನಮ್ಮ ಮಾರುಕಟ್ಟೆಗೆ ಬಂದಿವೆ. ವೈದ್ಯರ ಚೀಟಿ ಇಟ್ಟುಕೊಂಡು ತೆಗೆದುಕೊಳ್ಳುವವನಿಗೆ ದುಡ್ಡು ಇಲ್ಲ ಅನ್ನುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಡುವೆ ಜಗಳ ಬರುವುದಕ್ಕಿಂತ ಶುರುವಿನಲ್ಲೇ ತೀರ್ಮಾನ ಆಗಲಿ. ಪಂಚಕರ್ಮ, ಭೇದಿ ಮಾತ್ರೆ, ಆನ್‌ಲೈನ್‌ನಲ್ಲಿ ಸಿಗುವ 'ಕೊಬ್ಬು ಕರಗಿಸುವ' ಪುಡಿ ಇವಕ್ಕೆಲ್ಲ ಸ್ಪಷ್ಟವಾಗಿ ಇಲ್ಲ ಅನ್ನಿ.

---

ತಕ್ಕಡಿ:

ಮೆಟ್ಟಿಲಿನ ಲೆಕ್ಕ ಚೆನ್ನಾಗಿದೆ, ಆದರೆ ಒಂದು ನೋಡಿ: 85 ಕೆ.ಜಿ.ಗೆ ಅರ್ಧ ಶೇಕಡಾ ಅಂದರೆ 425 ಗ್ರಾಂ. ಅರ್ಧ ಲೀಟರ್ ನೀರು ಕುಡಿಯದೆ ಬಂದರೆ ಒಂದು ಮೆಟ್ಟಿಲು, 300 ರೂಪಾಯಿ. ಹಾಗಾಗಿ ನಿಮ್ಮ ಯೋಜನೆ ನಿಲ್ಲುವುದೂ ಬೀಳುವುದೂ ತೂಗುವ ಕ್ರಮದ ಮೇಲೆ.

ಮನೆ ಬಳಕೆಯ ಗಾಜಿನ ತಕ್ಕಡಿ ಬೇಡ. ಉಗ್ರಾಣದಲ್ಲಿ ಇರುವಂಥ ಪ್ಲಾಟ್‌ಫಾರ್ಮ್ ತಕ್ಕಡಿ, 200 ಕೆ.ಜಿ. ಮಿತಿ, 50 ಗ್ರಾಂ ಅಳತೆ ತೋರಿಸುವುದು, ತೂಕ-ಅಳತೆ ಇಲಾಖೆಯ ಮುದ್ರೆ ಚಾಲ್ತಿಯಲ್ಲಿ ಇರುವುದು. ಗಟ್ಟಿ ನೆಲ, ರಸಮಟ್ಟದ ಗುಳ್ಳೆ ನಡುವೆ ಇರಬೇಕು. ಆನ್ ಮಾಡಿ ಕಾಲು ಗಂಟೆ ಬಿಡಿ. 20 ಕೆ.ಜಿ. ಬಟ್ಟು ಒಂದನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ, ನಾಲ್ಕು ಕಡೆಯೂ ಒಂದೇ ತೋರಿಸಬೇಕು. ಆಮೇಲೆ ನಾಲ್ಕು ಬಟ್ಟು ಸೇರಿಸಿ 80 ಕೆ.ಜಿ. 100 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅವತ್ತು ಯಾರನ್ನೂ ತೂಗಬೇಡಿ. ಈ ಪರೀಕ್ಷೆಯ ಅಂಕಿಯನ್ನು ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿಸಿ. ಮುಂದೆ "ನಿಮ್ಮ ತಕ್ಕಡಿ ಸರಿ ಇಲ್ಲ" ಅನ್ನುವವನಿಗೆ ಅದೇ ಉತ್ತರ.

ಮೋಸ ಎರಡು ತುದಿಯಲ್ಲಿ ನಡೆಯುತ್ತದೆ. ಮೊದಲ ತೂಕದ ದಿನ ಭಾರ ಹೆಚ್ಚಿಸಿಕೊಂಡು ಬರುತ್ತಾರೆ: ಸೇಫ್ಟಿ ಶೂ ಜೋಡಿಯೇ ಒಂದು ಕೆ.ಜಿ.ಗೆ ಮೇಲೆ, ಜೇಬಲ್ಲಿ ನಟ್ಟು-ಬೋಲ್ಟು, ಹೊಟ್ಟೆಯಲ್ಲಿ ಎರಡು ಲೀಟರ್ ನೀರು. ಕೊನೆಯ ದಿನ ಒಣಗಿಕೊಂಡು ಬರುತ್ತಾರೆ. ಪರಿಹಾರ ಸರಳ. ಮೊದಲ ತೂಕವನ್ನು ಒಂದೇ ವಾರದಲ್ಲಿ ಎರಡು ಬೇರೆ ದಿನ ತೆಗೆದು ಕಡಿಮೆ ಬಂದದ್ದನ್ನು ಹಿಡಿಯಿರಿ. ಕೊನೆಯ ತೂಕವನ್ನೂ ಎರಡು ದಿನ ತೆಗೆದು ಹೆಚ್ಚು ಬಂದದ್ದನ್ನು ಹಿಡಿಯಿರಿ. ವಾರ ಯಾವುದು ಎಂದು ಮಾತ್ರ ತಿಳಿಸಿ, ದಿನ ಹೇಳಬೇಡಿ. ಒಂದೇ ಬಗೆಯ ಚಡ್ಡಿ-ಬನಿಯನ್ ನೀವೇ ಕೊಡಿ. ಬೆಲ್ಟು, ಫೋನು, ಬೀಗದ ಕೈ ಎಲ್ಲ ಹೊರಗೆ. ಮೂತ್ರಕ್ಕೆ ಹೋಗಿ ಬಂದು ಹತ್ತಬೇಕು.

ಶಿಫ್ಟು ಬದಲಾಗುವ ಕಡೆ "ಬೆಳಿಗ್ಗೆ 7ಕ್ಕೆ" ಅಂದರೆ ಅರ್ಥವಿಲ್ಲ. ಒಬ್ಬ ನಿದ್ದೆ ಮಾಡಿ ಬಂದಿರುತ್ತಾನೆ, ಇನ್ನೊಬ್ಬ ರಾತ್ರಿಯೆಲ್ಲ ಟೀ ಕುಡಿದು ಕೆಲಸ ಮುಗಿಸಿ ನಿಂತಿರುತ್ತಾನೆ. ಮೊದಲ ತೂಕ ಯಾವ ಶಿಫ್ಟಿನಲ್ಲಿ ತೆಗೆದಿರೋ ಮುಂದಿನದೆಲ್ಲ ಅದೇ ಶಿಫ್ಟಿನ ವಾರ, ಕೆಲಸಕ್ಕೆ ಇಳಿಯುವ ಮುಂಚೆ.

ಒಣಗಿ ಬರುವುದು ತಮಾಷೆಯಲ್ಲ. 1997ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ತೂಕ ಹೊಂದಿಸಿಕೊಳ್ಳಲು ಹೋಗಿ ಮೂವರು ಹುಡುಗರು ಸತ್ತರು. ಆಮೇಲೆ ಅಲ್ಲಿ ಮೂತ್ರದ ಸಾಂದ್ರತೆ 1.020 ಮೀರಿದ್ದರೆ, ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ, ತೂಕದ ವರ್ಗ ನಿರ್ಧರಿಸುವುದಿಲ್ಲ ಎಂಬ ನಿಯಮ ಬಂತು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಾಂದ್ರತೆ ತೋರಿಸುವ ಪಟ್ಟಿ ಸಿಗುತ್ತದೆ, ಒಂದು ಡಬ್ಬಿ ಇಟ್ಟುಕೊಳ್ಳಿ. ಬಿಸಿಯಲ್ಲಿ ಬೆವರುವ ಹೀಟ್ ಟ್ರೀಟ್‌ಮೆಂಟ್ ವಿಭಾಗದವರದ್ದು ಮೋಸವಿಲ್ಲದೆಯೂ ಹೆಚ್ಚು ಬರುತ್ತದೆ, ಆದ್ದರಿಂದ ಯಾರನ್ನೂ ಅನರ್ಹಗೊಳಿಸಬೇಡಿ. "ನೀರು ಕುಡಿದು ನಾಳೆ ಬಾ" ಅಂದರೆ ಸಾಕು.

ಜೊತೆಗೆ ಸೊಂಟದ ಅಳತೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಲ್ಲ. ಹೊಟ್ಟೆ ಮುಂದಕ್ಕೆ ಬಂದವರು ಪ್ಯಾಂಟನ್ನು ಕೆಳಗೆ ಕಟ್ಟುತ್ತಾರೆ, ಅವರಿಗೆ ತಮ್ಮ ಸೊಂಟ ಇಪ್ಪತ್ತು ವರ್ಷದಿಂದ 34 ಇಂಚೇ. ತೂಕ ಆರು ಕೆ.ಜಿ. ಇಳಿದು ಸೊಂಟ ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ ಮತ್ತೆ ತೂಗಿ.

---

ಮೂರನೇ_ಶಿಫ್ಟ್:

ಎಲ್ಲರಿಗೂ ಧನ್ಯವಾದ. ಸ್ಪರ್ಧೆ ಮತ್ತು ಟ್ರೆಡ್‌ಮಿಲ್ ಎರಡನ್ನೂ ತೆಗೆದು ಹೊಸ ಟಿಪ್ಪಣಿ ಬರೆಯುತ್ತೇನೆ. ಉಳಿದ ಗೊಂದಲ: "ನಾವು ಮೈ ಕಾಪಾಡಿಕೊಂಡವರು, ನಮಗೇನೂ ಇಲ್ಲವಾ?" ಎಂದು ಉಳಿದ 165 ಜನ ಕೇಳುತ್ತಾರೆ. ಐದೈದು ಜನರ ತಂಡ ಮಾಡಿದರೆ ಹೇಗೆ? ಮತ್ತೆ ಎಸ್ಸೆಮ್ಮೆಸ್ಸಿನಲ್ಲಿ ಏನು ಬರೆಯಬೇಕು?

---

ಅಂಕಿಸಂತೆ:

ಎಲ್ಲರನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದ್ದೇ ಉದಾಹರಣೆ ಇದೆ. 2022ರ ಏಪ್ರಿಲ್‌ನಲ್ಲಿ ಷೇರು ವಹಿವಾಟಿನ ಕಂಪನಿ ಝೆರೋಧಾದ ನಿತಿನ್ ಕಾಮತ್ ಬಿಎಂಐ 25ಕ್ಕಿಂತ ಕಡಿಮೆ ಇರುವ ನೌಕರರಿಗೆ ಅರ್ಧ ತಿಂಗಳ ಸಂಬಳ ಬೋನಸ್ ಎಂದು ಟ್ವೀಟ್ ಮಾಡಿದ್ದರು. ಆಗ ಇಡೀ ತಂಡದ ಸರಾಸರಿ 25.3, ಆಗಸ್ಟ್ ಒಳಗೆ 24ಕ್ಕಿಂತ ಕೆಳಗೆ ಬಂದರೆ ಎಲ್ಲರಿಗೂ ಇನ್ನರ್ಧ ತಿಂಗಳದ್ದು. ಇಂಥ ಗುರಿಯ ತೊಡಕು ನೋಡಿ: 24 ಇರುವವನಿಗೆ ಕೂತಲ್ಲೇ ದುಡ್ಡು, 35 ಇರುವವನು ಎಷ್ಟೇ ಹೆಣಗಿದರೂ ವರ್ಷದಲ್ಲಿ 25 ಮುಟ್ಟುವುದಿಲ್ಲ, ಸರಾಸರಿ ಕೆಡಿಸಿದವನು ಎಂಬ ಹೆಸರು ಬೇರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿ ಘೋಷಿಸಿದ ಯೋಜನೆ ಬೇರೆ ಥರದ್ದು: ದಿನಕ್ಕೆ ಕನಿಷ್ಠ 350 ಕ್ಯಾಲೊರಿ ಓಡಾಟದಲ್ಲಿ ಖರ್ಚು ಮಾಡುವ ಗುರಿ, ವರ್ಷದ ಶೇ. 90 ದಿನ ಅದನ್ನು ಮುಟ್ಟಿದರೆ ಒಂದು ತಿಂಗಳ ಸಂಬಳ. ಇದು ಮೈತೂಕ ಎಷ್ಟೇ ಇದ್ದರೂ ಎಲ್ಲರ ಕೈಗೆ ಎಟುಕುವಂಥದ್ದು. ನಿಮ್ಮ 165 ಜನಕ್ಕೂ ಹೀಗೆ ಚಟುವಟಿಕೆಯ ಮೇಲೆ ಸಣ್ಣದೊಂದು ಬಹುಮಾನ ಇಡಿ, ತೂಕದ ದುಡ್ಡು ಬೇಡ.

ತಂಡದ ಲೆಕ್ಕ ಆಕರ್ಷಕ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ 105 ನೌಕರರ ಮೇಲೆ ನೋಡಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೆ ತಿಂಗಳಿಗೆ 100 ಡಾಲರ್ ಒಂದು ಕಡೆ, ಐವರ ತಂಡಕ್ಕೆ 500 ಇಟ್ಟು ಗುರಿ ಮುಟ್ಟಿದವರು ಮಾತ್ರ ಹಂಚಿಕೊಳ್ಳುವುದು ಇನ್ನೊಂದು ಕಡೆ. 24 ವಾರಕ್ಕೆ ತಂಡದವರು ಒಬ್ಬೊಬ್ಬರ ಲೆಕ್ಕದವರಿಗಿಂತ 3.2 ಕೆ.ಜಿ., ದುಡ್ಡೇ ಇಲ್ಲದವರಿಗಿಂತ 4.4 ಕೆ.ಜಿ. ಹೆಚ್ಚು ಇಳಿಸಿದ್ದರು. ಆದರೆ ಅಲ್ಲಿ ತಂಡದವರಿಗೆ ಒಬ್ಬರಿಗೊಬ್ಬರು ಯಾರೆಂದು ಗೊತ್ತಿರಲಿಲ್ಲ. ನಿಮ್ಮಲ್ಲಿ ಒಂದೇ ಲೈನಿನಲ್ಲಿ ನಿಲ್ಲುವವರು. ಒಬ್ಬ ಸೋತರೆ ಅವನ ಪಾಲು ಉಳಿದ ನಾಲ್ವರಿಗೆ ಅಂದರೆ "ಬಾ ಗುರು, ಒಂದೇ ಒಂದು ಮಸಾಲೆ ದೋಸೆ" ಎಂದು ಕರೆದುಕೊಂಡು ಹೋಗುವವರು ಹುಟ್ಟಿಕೊಳ್ಳುತ್ತಾರೆ. ತಂಡ ಬೇಕೇ ಬೇಕು ಅಂದರೆ ಹಂಚಿಕೆ ಬಿಟ್ಟು, ಐವರೂ ತೂಕಕ್ಕೆ ಹಾಜರಾದರೆ ಪ್ರತಿಯೊಬ್ಬನಿಗೂ 100 ರೂಪಾಯಿ ಹಾಜರಿ ಬಹುಮಾನ ಇಡಿ. ತೂಕ ಹೆಚ್ಚಾದವನೇ ತೂಗಿಸಿಕೊಳ್ಳಲು ಬರದೆ ತಪ್ಪಿಸಿಕೊಳ್ಳುವುದು, ಅದಕ್ಕೆ ಇದು ಮದ್ದು.

ದುಡ್ಡಿಲ್ಲದೆಯೂ ಗಂಡಸರನ್ನು ಎಳೆದದ್ದು ಸ್ಕಾಟ್ಲೆಂಡಿನಲ್ಲಿ ಇದೆ. ಅಲ್ಲಿನ 13 ವೃತ್ತಿಪರ ಫುಟ್‌ಬಾಲ್ ಕ್ಲಬ್ಬುಗಳ ಮೈದಾನದಲ್ಲೇ 12 ವಾರದ ತರಗತಿ ನಡೆಸಿದರು, 747 ಜನ ಅಭಿಮಾನಿಗಳ ಮೇಲೆ ಅಧ್ಯಯನ. ವರ್ಷದ ಕೊನೆಗೆ ಸೇರದವರಿಗಿಂತ ಹತ್ತಿರ ಹತ್ತಿರ ಐದು ಕೆ.ಜಿ. ಕಡಿಮೆ ಇದ್ದರು. 'ತೂಕ ಇಳಿಸುವ ಶಿಬಿರ' ಅಂದರೆ ಬಾರದವರು ಸ್ಟೇಡಿಯಂ ಒಳಗೆ ಬಿಡುತ್ತಾರೆ ಅಂದರೆ ಬರುತ್ತಾರೆ. ನಿಮ್ಮಲ್ಲಿ ಹೆಸರಿಗೆ ಕ್ರಿಕೆಟ್ ಇರಲಿ.

ಸಂದೇಶದ ಮಾತು. ಗ್ರೂಪಿನಲ್ಲಿ ಬೇಡ, ಒಬ್ಬೊಬ್ಬರ ಫೋನಿಗೆ ಹೋಗಲಿ, ಕ್ಯಾಂಟೀನ್ ಗಂಟೆಗೆ ಇಪ್ಪತ್ತು ನಿಮಿಷ ಮೊದಲು. ಉಪದೇಶ ಬಂದರೆ ಮೂರನೇ ದಿನ ಮ್ಯೂಟ್. ನಾಲ್ಕೈದು ಮಾದರಿ: "ಎರಡನೇ ಸಲ ಅನ್ನ ಹಾಕಿಸಿಕೊಳ್ಳೋ ಮುಂಚೆ ಮಜ್ಜಿಗೆ ಕುಡಿದು ಐದು ನಿಮಿಷ ಕೂತ್ಕೊಳ್ಳಿ. ಅನ್ನ ಎಲ್ಲೂ ಓಡಿಹೋಗಲ್ಲ." "ಖಾತೆಯಲ್ಲಿ ಇನ್ನೂ 5,250 ಇದೆ. ಬೋಂಡಾದವನಿಗೆ ಕೊಡಬೇಡಿ." "ಈ ವಾರ ತೂಕ ಏರಿದೆಯಾ? ಪರವಾಗಿಲ್ಲ, ಮದುವೆ ಸೀಸನ್. ಸೋಮವಾರದಿಂದ ಟೀಗೆ ಒಂದು ಚಮಚ." ಬೈಯುವ, ಹೊಟ್ಟೆ ಆಡಿಕೊಳ್ಳುವ ಸಾಲು ಒಂದೂ ಇರಬಾರದು.

ಸಂದೇಶದಲ್ಲಿ ಅಂಕಿ ಹಾಕಿದರೆ ನಿಲ್ಲುತ್ತದೆ. 85 ಕೆ.ಜಿ.ಯವನು ಆರು ತಿಂಗಳಲ್ಲಿ ಆರು ಕೆ.ಜಿ. ಇಳಿಸಬೇಕಾದರೆ ವಾರಕ್ಕೆ 230 ಗ್ರಾಂ, ದಿನಕ್ಕೆ ಅಂದಾಜು 250 ಕ್ಯಾಲೊರಿ ಕಡಿತ. ದಿನಕ್ಕೆ ನಾಲ್ಕು ಟೀ, ಟೀಗೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ, 160 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆ 120. ಇವೆರಡನ್ನು ಬಿಟ್ಟರೇ ಲೆಕ್ಕ ಮುಗಿಯಿತು, ಮುದ್ದೆ ಮುಟ್ಟಬೇಕಾಗಿಲ್ಲ. ಮೈ ಹಗುರಾದಂತೆ ಖರ್ಚೂ ಕಡಿಮೆಯಾಗುವುದರಿಂದ ನಾಲ್ಕನೇ ತಿಂಗಳಿನಿಂದ ಇಳಿತ ನಿಧಾನವಾಗುತ್ತದೆ, ಅದನ್ನು ಮೊದಲೇ ಹೇಳಿಡಿ. ಗಂಡಸರ ಯೋಜನೆಯಲ್ಲಿ ಯಾರೂ ಬರೆಯದ ಸಾಲು ಇನ್ನೊಂದು: 180 ಮಿ.ಲೀ.ಯ ಒಂದು ಕ್ವಾರ್ಟರ್ ವಿಸ್ಕಿ 400 ಕ್ಯಾಲೊರಿ ದಾಟುತ್ತದೆ, ಜೊತೆಗೆ ನೆಂಚಿಕೊಳ್ಳುವ ಕಾಂಗ್ರೆಸ್ ಕಡಲೆಕಾಯಿ, ಕಬಾಬ್ ಬೇರೆ. ಶನಿವಾರದ್ದೊಂದನ್ನು ಬಿಟ್ಟರೆ ವಾರದ ಕಡಿತದಲ್ಲಿ ಕಾಲು ಪಾಲಿಗೆ ಹತ್ತಿರ ಬಂದಂತೆ.

---

ಸಂಬಳದ_ಕೋಣೆ:

ಕೆಲವು ಕಾಗದದ ವಿಷಯ. ನಗದು ಪ್ರೋತ್ಸಾಹಧನ ಸಂಬಳದ ಆದಾಯವೇ, ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಸಂಬಳದ ಹಾಳೆಯಲ್ಲಿ ತೋರಿಸಿ, ಆದರೆ ಸಂಬಳದ ದಿನ ಹಾಕಬೇಡಿ. ತೂಕ ಮುಗಿದ ಎರಡು ದಿನದೊಳಗೆ ಬೇರೆಯಾಗಿ ಜಮಾ ಮಾಡಿ, ಫೋನಿಗೆ ಬರುವ ಆ ಮೆಸೇಜಿಗೇ ಅರ್ಧ ಬೆಲೆ. ಮೂರನೇ ತಿಂಗಳ 750 ಸಣ್ಣದು, ಅದನ್ನು ವರ್ಷದ ಕೊನೆಗೆ ಉಳಿಸಿಕೊಳ್ಳದೆ ಆಗಲೇ ಕೊಡಿ. ಇದೊಂದು ವಿಷಯದಲ್ಲಿ ಬ್ರಿಟನ್ ಮಾದರಿ ಬಿಡುವುದು ಒಳ್ಳೆಯದು, ಕಂಪನಿ ಮಾತು ಉಳಿಸಿಕೊಳ್ಳುತ್ತದೆ ಎಂದು ಕೆಲಸಗಾರರಿಗೆ ಕಾಣಬೇಕು. ಪಿಎಫ್, ಇಎಸ್ಐ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ನಿಮ್ಮ ಸಲಹೆಗಾರರಿಂದ ಶುರುವಿಗೆ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 45 ಜನರಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರರಿದ್ದರೆ ಅವರ ದುಡ್ಡು ಗುತ್ತಿಗೆದಾರನ ಮೂಲಕ ಹೋಗಬೇಕಾಗುತ್ತದೆ, ಅಲ್ಲಿ ಸೋರದ ಹಾಗೆ ರಸೀದಿ ಇಟ್ಟುಕೊಳ್ಳಿ.

ತೂಕ, ಸೊಂಟ, ಮಾತ್ರೆಯ ವಿವರ ಇರುವ ರಿಜಿಸ್ಟರ್ ಆರೋಗ್ಯ ಕೊಠಡಿಯ ಬೀರುವಿನಲ್ಲಿ ಇರಲಿ. ಎಚ್ಆರ್‌ಗೆ ಹೋಗಬೇಕಾದ್ದು ಟೋಕನ್ ನಂಬರ್ ಮತ್ತು ಮೊತ್ತ, ಎರಡೇ ಕಾಲಂ. ಮೊತ್ತದಿಂದಲೇ ತೂಕ ಊಹಿಸಬಹುದು ಎಂಬುದು ನಿಜ, ಆದ್ದರಿಂದ ಆ ಹಾಳೆಯೂ ಒಬ್ಬರ ಕೈಯಲ್ಲೇ ಇರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಅಗತ್ಯವಿದ್ದವರಿಗೆ ಹಿಂದಿಯಲ್ಲಿ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಕೆಲಸ, ಬಡ್ತಿ, ಓಟಿಗೆ ತೊಂದರೆಯಿಲ್ಲ ಎಂಬ ಸಾಲು ಮೊದಲ ಪುಟದಲ್ಲೇ ಬೇಕು. ನೋಟಿಸ್ ಬೋರ್ಡಿನ ಪಟ್ಟಿ ಪೂರ್ತಿ ರದ್ದು.

ಸಂದಾಯವಾಗದೆ ಉಳಿದ ದುಡ್ಡನ್ನು ಕೊನೆಗೆ ಬಂಪರ್ ಡ್ರಾ ಮಾಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಅದನ್ನು ಹದಿನೆಂಟನೇ ತಿಂಗಳಿಗೆ ಇನ್ನೊಂದು ತೂಕ ಇಟ್ಟು, ಶೇ. 5 ಉಳಿಸಿಕೊಂಡವರಿಗೆ ಸಮನಾಗಿ ಹಂಚಿ. ಇದನ್ನು ಮೊದಲ ದಿನದ ಕಾರ್ಡಿನಲ್ಲೇ ಅಚ್ಚು ಹಾಕಿಸಿ, ವರ್ಷದ ಕೊನೆಗೆ ಸೇರಿಸಿದರೆ ಯಾರೂ ನಂಬುವುದಿಲ್ಲ. ತಿಂಗಳು ಆಯ್ಕೆ ಮಾಡುವಾಗ ಒಮ್ಮೆ ಕ್ಯಾಲೆಂಡರ್ ನೋಡಿ: ಜನವರಿಯಲ್ಲಿ ಶುರು ಮಾಡಿದರೆ ಹದಿನೆಂಟನೇ ತಿಂಗಳು ಜುಲೈ, ಏಪ್ರಿಲ್‌ನಲ್ಲಿ ಶುರು ಮಾಡಿದರೆ ಆರನೇ ತಿಂಗಳ ತೂಕ ಆಯುಧಪೂಜೆಯ ಪುರಿ-ಸಿಹಿ ಪೊಟ್ಟಣದ ಆಸುಪಾಸಿಗೇ ಬಂದು ಕೂರುತ್ತದೆ.